ಗೆರೆಯಾಚೆ ನಿಂತವರ ಸಂಯಮ

2023ರ ಜೂನ್ 21ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಭಾರತ–ಪಾಕಿಸ್ತಾನ ಪಂದ್ಯ. ಮೊದಲರ್ಧ ಮುಗಿಯಲು ಇನ್ನು ಕೆಲವೇ ಕ್ಷಣಗಳಿದ್ದವು. ಭಾರತದ ಸುನಿಲ್ ಚೆಟ್ರಿ ಆಗಲೇ ಎರಡು ಗೋಲು ಹೊಡೆದಿದ್ದರು. ಚೆಂಡು ಅಂಚಿನ ಗೆರೆ ದಾಟಿ ಹೊರಗೆ ಬಂತು. ಪಾಕಿಸ್ತಾನದ ಅಬ್ದುಲ್ಲಾ ಇಕ್ಬಾಲ್ ಅದನ್ನು ಎತ್ತಿಕೊಂಡು ಥ್ರೋ ಮಾಡಲು ಹೊರಟಾಗ, ಅಲ್ಲೇ ನಿಂತಿದ್ದ ಭಾರತದ ಕೋಚ್ ಇಗೊರ್ ಸ್ಟಿಮಾಚ್ ಚೆಂಡನ್ನು ಅವರ ಕೈಯಿಂದ ತಟ್ಟಿ ಬೀಳಿಸಿದರು. ಆಟಗಾರರು ಎರಡೂ ಕಡೆಯಿಂದ ನುಗ್ಗಿದರು, ತಳ್ಳಾಟವಾಯಿತು. ರೆಫರಿ ಸ್ಟಿಮಾಚ್‌ಗೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದರು.

ಪಂದ್ಯವನ್ನು ಭಾರತ 4–0ರಿಂದ ಗೆದ್ದಿತು. ಚೆಟ್ರಿ ಹ್ಯಾಟ್ರಿಕ್ ಪೂರೈಸಿದರು, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರ ಗೋಲುಗಳ ಸಂಖ್ಯೆ 90ಕ್ಕೆ ಮುಟ್ಟಿತು. ನಾಲ್ಕನೆಯ ಗೋಲು ಉದಾಂತ ಸಿಂಗ್ ಅವರದು. ಆದರೆ ಮಾರನೆಯ ದಿನ ಜನರ ಬಾಯಲ್ಲಿ ಗೋಲುಗಳಷ್ಟೇ ಆ ಜಗಳವೂ ಇತ್ತು. ಸ್ಟಿಮಾಚ್ ತಮ್ಮ ನಡೆಯನ್ನು ಬಿಟ್ಟುಕೊಡಲಿಲ್ಲ. ರೆಫರಿಯ ತಪ್ಪು ತೀರ್ಪಿನಿಂದ ನಮ್ಮ ಹುಡುಗರನ್ನು ಕಾಪಾಡಲು ಮತ್ತೆ ಹಾಗೆಯೇ ಮಾಡುತ್ತೇನೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಬರೆದರು. ಬಹಳ ಮಂದಿ ಅದಕ್ಕೆ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ಬಗ್ಗೆ ನನಗೆ ಗಟ್ಟಿಯಾದ ತಕರಾರಿದೆ. ಎರಡು ದೇಶಗಳು ಎದುರಾದಾಗ ಆಟ ಕೆಡುವುದು ಆಟಗಾರರ ಬಿಸಿರಕ್ತದಿಂದ ಎಂದು ನಾವು ನಂಬಿಕೊಂಡಿದ್ದೇವೆ. ಆ ರಾತ್ರಿ ನಡೆದದ್ದು ಬೇರೆ. ಗೆರೆಯ ಒಳಗಿದ್ದ ಇಪ್ಪತ್ತೆರಡು ಜನ ಆಡುತ್ತಲೇ ಇದ್ದರು. ಕಿಡಿ ಬಿದ್ದದ್ದು ಗೆರೆಯ ಆಚೆ ನಿಂತಿದ್ದ, ಎಲ್ಲರಿಗಿಂತ ಹಿರಿಯರಾದ, ಎಲ್ಲರಿಗಿಂತ ಹೆಚ್ಚು ಅನುಭವ ಕಂಡ ವ್ಯಕ್ತಿಯ ಕೈಯಿಂದ. ಸ್ಟಿಮಾಚ್ ಸಾಮಾನ್ಯರಲ್ಲ, 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದ ಕ್ರೊವೇಷಿಯಾ ತಂಡದಲ್ಲಿ ಆಡಿದವರು. ಅಂಥವರ ಹಿಡಿತವೇ ತಪ್ಪುವುದಾದರೆ, ಅದೂ ತಮ್ಮ ತಂಡ ಎರಡು ಗೋಲು ಮುಂದಿರುವಾಗ ತಪ್ಪುವುದಾದರೆ, ಸಂಯಮ ವಯಸ್ಸಿನೊಂದಿಗೆ ತಾನಾಗಿ ಬರುವ ಗುಣವಲ್ಲ ಎಂದಾಯಿತು. ಅದನ್ನು ಕಲಿಯಬೇಕು, ಕಲಿಸಬೇಕು. ಮೊದಲು ಕಲಿಯಬೇಕಾದವರು ಗೆರೆಯಾಚೆ ನಿಂತವರು: ಕೋಚ್‌ಗಳು, ಅಧಿಕಾರಿಗಳು, ಪ್ರೇಕ್ಷಕರು, ಮಕ್ಕಳನ್ನು ಆಡಲು ಕಳಿಸುವ ನಾವು.

ಆ ಪಂದ್ಯದ ಹಿನ್ನೆಲೆಯನ್ನೂ ನೆನೆಯಬೇಕು. ಪಾಕಿಸ್ತಾನದ ತಂಡಕ್ಕೆ ವೀಸಾ ಸಿಗುವುದು ತಡವಾಗಿತ್ತು. ಮಾರಿಷಸ್‌ನಿಂದ ಹೊರಟ ಆಟಗಾರರು ಗುಂಪುಗುಂಪಾಗಿ ಬೆಂಗಳೂರು ತಲುಪಿದ್ದು ಪಂದ್ಯದ ದಿನವೇ. ಅವರು ಇಳಿದ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲಿ. ಬೆಂಗಳೂರಿಗೆ ವಿಮಾನದಲ್ಲಿ ಬರುವ ಹೊರದೇಶದ ತಂಡ ಯಾವುದೇ ಇರಲಿ, ಅದು ಮೊದಲು ಕಾಲಿಡುವುದು ಗ್ರಾಮಾಂತರ ಜಿಲ್ಲೆಯ ಮಣ್ಣಿನಲ್ಲಿ. ಊರ ಹೊಸ್ತಿಲು ನಮ್ಮದು. ನಿದ್ದೆಗೆಟ್ಟು ಬಂದ ತಂಡವನ್ನು ಮೈದಾನದಲ್ಲಿ ಸೋಲಿಸುವುದರಲ್ಲಿ ತಪ್ಪೇನೂ ಇಲ್ಲ, ಅದು ಆಟ. ಆದರೆ ಅವರ ಕೈಯಲ್ಲಿದ್ದ ಚೆಂಡನ್ನು ಗೆರೆಯಾಚೆ ನಿಂತವರು ತಟ್ಟಿ ಬೀಳಿಸುವುದು ಆಟದ ಭಾಗವಲ್ಲ, ಆತಿಥ್ಯದ ಭಾಗವಂತೂ ಅಲ್ಲವೇ ಅಲ್ಲ.

ಮುಂದೆ ಆದದ್ದು ಇನ್ನೂ ಯೋಚಿಸಬೇಕಾದ ಸಂಗತಿ. ಒಂದು ಪಂದ್ಯ ಹೊರಗುಳಿದು ಜೂನ್ 27ರಂದು ಕುವೈತ್ ವಿರುದ್ಧದ ಪಂದ್ಯಕ್ಕೆ ಮರಳಿದ ಸ್ಟಿಮಾಚ್ ಅಲ್ಲಿಯೂ ಕೆಂಪು ಕಾರ್ಡ್ ಕಂಡರು. ಅವರು ಹೊರನಡೆದಾಗ ಭಾರತ 1–0 ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಎರಡೂ ತಂಡಗಳ ನಡುವೆ ಜಟಾಪಟಿಯಾಗಿ ಒಬ್ಬೊಬ್ಬ ಆಟಗಾರ ಹೊರಹೋದರು. ಇಂಜುರಿ ಸಮಯದಲ್ಲಿ ನಮ್ಮವರದೇ ಕಾಲು ತಗುಲಿ ಚೆಂಡು ನಮ್ಮ ಬಲೆಗೆ ಸೇರಿತು. ಪಂದ್ಯ ಸಮವಾಯಿತು, ಗುಂಪಿನ ಮೊದಲ ಸ್ಥಾನ ಕೈತಪ್ಪಿತು. ಆ ಗೋಲಿಗೆ ಜಗಳವೇ ಕಾರಣ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಗೆಲುವನ್ನು ಕಾಯ್ದುಕೊಳ್ಳಬೇಕಾದ ಕೊನೆಯ ಗಳಿಗೆಯಲ್ಲಿ ತಂಡದ ಗಮನ ಚೆಂಡಿನ ಮೇಲೆ ಮಾತ್ರ ಇರಲಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತು. ಕೋಚ್‌ಗೆ ಮತ್ತೆ ಎರಡು ಪಂದ್ಯಗಳ ನಿಷೇಧ ಬಿತ್ತು. ಹಾಗಾಗಿ ಲೆಬನಾನ್ ವಿರುದ್ಧದ ಸೆಮಿಫೈನಲ್‌ನಲ್ಲಿಯೂ, ಜುಲೈ 4ರಂದು ಅದೇ ಕುವೈತ್ ವಿರುದ್ಧ ನಡೆದ ಫೈನಲ್‌ನಲ್ಲಿಯೂ ತಂಡದ ಬಳಿ ನಿಂತವರು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಎರಡೂ ಪಂದ್ಯಗಳು ಪೆನಾಲ್ಟಿಗೆ ಹೋದವು, ಎರಡನ್ನೂ ಭಾರತ ಗೆದ್ದಿತು. ಫೈನಲ್‌ನಲ್ಲಿ ಕುವೈತ್‌ನ ಕೊನೆಯ ಹೊಡೆತವನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದಾಗ ಭಾರತಕ್ಕೆ ಒಂಬತ್ತನೆಯ ಪ್ರಶಸ್ತಿ ದಕ್ಕಿತು. ಹುಡುಗರನ್ನು ಕಾಪಾಡಲು ಸಿಡಿದೇಳುತ್ತೇನೆ ಎಂದವರು, ಹುಡುಗರಿಗೆ ಅವರು ಅತಿ ಹೆಚ್ಚು ಬೇಕಾಗಿದ್ದ ಎರಡು ರಾತ್ರಿ ಪಕ್ಕದಲ್ಲಿರಲಿಲ್ಲ. ಸಿಟ್ಟಿನಿಂದ ತಂಡಕ್ಕೆ ಆಗುವ ನಷ್ಟಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಭಾವವೇ ಇಲ್ಲದ ಆಟ ಯಾರಿಗೆ ಬೇಕು? ದೇಶದ ಅಂಗಿ ತೊಟ್ಟವನ ಎದೆಯಲ್ಲಿ ಬೆಂಕಿ ಇರಬೇಡವೇ? ಖಂಡಿತ ಇರಬೇಕು. ಆ ಬೆಂಕಿ ಎಲ್ಲಿ ಉರಿಯಬೇಕು ಎಂಬುದಷ್ಟೇ ಪ್ರಶ್ನೆ. ಪಾಕಿಸ್ತಾನದ ವಿರುದ್ಧ ಹತ್ತನೆಯ ನಿಮಿಷದಲ್ಲಿ ಚೆಟ್ರಿ ಹೊಡೆದ ಗೋಲನ್ನು ನೆನಪಿಸಿಕೊಳ್ಳಿ. ಗೋಲ್‌ಕೀಪರ್‌ನತ್ತ ಹೋದ ಚೆಂಡು ವ್ಯರ್ಥ ಎಂದು ಕೈಬಿಡದೆ, ಮೂವತ್ತೆಂಟರ ವಯಸ್ಸಿನಲ್ಲಿ ಓಡಿ ಅವರನ್ನು ಒತ್ತಡಕ್ಕೆ ಸಿಲುಕಿಸಿ ತಪ್ಪು ಮಾಡಿಸಿದರು. ಅದು ಭಾವವೇ, ಕಾಲಿಗೆ ಇಳಿದ ಭಾವ. 1996ರ ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಪಾಕಿಸ್ತಾನ ಕ್ರಿಕೆಟ್ ವಿಶ್ವಕಪ್ ಕ್ವಾರ್ಟರ್ ಫೈನಲ್ ಇಂದಿಗೂ ಕನ್ನಡಿಗರ ಮಾತಿನಲ್ಲಿ ಬದುಕಿದೆ. ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಹೊಡೆದು, ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬ್ಯಾಟ್ ತೋರಿಸಿ ಕೆಣಕಿದರು. ಮರು ಎಸೆತದಲ್ಲೇ ಅವರ ಸ್ಟಂಪ್ ಉರುಳಿತು. ವಿಕೆಟ್ ಬಿದ್ದ ಮೇಲೆ ಪ್ರಸಾದ್ ಕೂಡ ಕೈ ತೋರಿ ರೇಗಿದರು, ನಿಜ. ಆದರೆ ಪಂದ್ಯಕ್ಕೆ ತಿರುವು ಕೊಟ್ಟದ್ದು ಆ ರೇಗಾಟವಲ್ಲ. ಓಟ ಶುರುಮಾಡುವ ಜಾಗಕ್ಕೆ ವಾಪಸು ನಡೆದ ಅಷ್ಟು ಹೊತ್ತಿನಲ್ಲಿ, ಕೆರಳಿದ ಮನಸ್ಸನ್ನು ಒಂದು ನೇರವಾದ ಎಸೆತಕ್ಕೆ ಒಗ್ಗಿಸಿಕೊಂಡ ಬಗೆ ಇದೆಯಲ್ಲ, ತಿರುವು ಅಲ್ಲಿತ್ತು.

ಫುಟ್‌ಬಾಲ್‌ನ ಪೆನಾಲ್ಟಿ ಹೊಡೆತವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇದನ್ನೇ ಇನ್ನೊಂದು ರೀತಿಯಲ್ಲಿ ಕಂಡುಕೊಂಡರು. ರೆಫರಿ ಸೀಟಿ ಊದಿದ ತಕ್ಷಣ ಅವಸರದಲ್ಲಿ ಓಡಿ ಹೊಡೆಯುವವರು, ಒಂದು ಉಸಿರು ತೆಗೆದುಕೊಂಡು ಹೊಡೆಯುವವರಿಗಿಂತ ಹೆಚ್ಚು ಸಲ ತಪ್ಪುತ್ತಾರೆ. ಒತ್ತಡವನ್ನು ಬೇಗ ಮುಗಿಸಿಬಿಡಬೇಕೆಂಬ ಆತುರವೇ ಅವರನ್ನು ಸೋಲಿಸುತ್ತದೆ. ಇಂಗ್ಲೆಂಡ್ ಇದಕ್ಕೆ ಒಳ್ಳೆಯ ಉದಾಹರಣೆ. 1996ರ ಯುರೋ ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ ಪೆನಾಲ್ಟಿ ಕೈಚೆಲ್ಲಿದ ಗ್ಯಾರೆತ್ ಸೌತ್‌ಗೇಟ್ ಮುಂದೆ ತಮ್ಮ ದೇಶದ ಕೋಚ್ ಆದರು. ಪೆನಾಲ್ಟಿ ಅದೃಷ್ಟದ ಆಟ ಎಂಬ ಮಾತನ್ನು ಒಪ್ಪದೆ ಆಟಗಾರರಿಗೆ ಅದನ್ನು ಅಭ್ಯಾಸ ಮಾಡಿಸಿದರು. 2018ರಲ್ಲಿ ಕೊಲಂಬಿಯಾ ವಿರುದ್ಧ ಇಂಗ್ಲೆಂಡ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ವಿಶ್ವಕಪ್ ಪಂದ್ಯವೊಂದನ್ನು ಪೆನಾಲ್ಟಿಯಲ್ಲಿ ಗೆದ್ದಿತು. ಡ್ರಿಬ್ಲಿಂಗ್‌ನಂತೆ, ಹೆಡ್ಡಿಂಗ್‌ನಂತೆ ಮನಸ್ಸಿನ ಹಿಡಿತವೂ ಅಭ್ಯಾಸದಿಂದ ಬರುವ ಕೌಶಲ ಎಂಬುದನ್ನು ಅವರು ತೋರಿಸಿಕೊಟ್ಟರು. ಮೂರು ವರ್ಷಗಳ ನಂತರ ಯುರೋ ಫೈನಲ್‌ನಲ್ಲಿ ಇಟಲಿಗೆ ಪೆನಾಲ್ಟಿಯಲ್ಲಿ ಸೋತಾಗ, ತಪ್ಪಿದ ಮೂವರು ಕಪ್ಪುವರ್ಣದ ಯುವಕರ ಮೇಲೆ ಅವರದೇ ದೇಶದ ಜನ ಜನಾಂಗೀಯ ಬೈಗುಳದ ಮಳೆ ಸುರಿಸಿದರು. ಸೌತ್‌ಗೇಟ್ ಮಾತ್ರ, ಯಾರು ಹೊಡೆಯಬೇಕೆಂದು ತೀರ್ಮಾನಿಸಿದ್ದು ನಾನು, ಹೊಣೆ ನನ್ನದು ಎಂದರು. ಗೆರೆಯಾಚೆ ನಿಂತವರು ಎರಡು ಬಗೆಯಲ್ಲಿ ವರ್ತಿಸಬಹುದು ಎಂಬುದಕ್ಕೆ ಒಂದೇ ರಾತ್ರಿಯ ಎರಡು ಚಿತ್ರಗಳಿವು.

ನಮ್ಮ ಫುಟ್‌ಬಾಲ್ ಇತಿಹಾಸದ ಅತಿ ದೊಡ್ಡ ಗೆಲುವಿನಲ್ಲಿಯೂ ಇದೇ ಪಾಠವಿದೆ. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಫೈನಲ್, ಎದುರಾಳಿ ದಕ್ಷಿಣ ಕೊರಿಯಾ. ಇಸ್ರೇಲ್ ಮತ್ತು ತೈವಾನನ್ನು ಇಂಡೊನೇಷ್ಯಾ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ವಿರೋಧಿಸಿದ್ದರು. ಅದರ ಸಿಟ್ಟು ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯಾಗುವಷ್ಟು ಏರಿತ್ತು. ತುಂಬಿ ತುಳುಕುತ್ತಿದ್ದ ಕ್ರೀಡಾಂಗಣ ನಮ್ಮ ತಂಡವನ್ನು ಕೂಗಿ ಹಂಗಿಸಿತು. ಆ ಜಗಳಕ್ಕೂ ಆಡಲು ಬಂದ ಹನ್ನೊಂದು ಜನರಿಗೂ ಯಾವ ಸಂಬಂಧವೂ ಇರಲಿಲ್ಲ. ಕೋಚ್ ಸೈಯದ್ ಅಬ್ದುಲ್ ರಹೀಮ್ ಆಗ ಕ್ಯಾನ್ಸರ್‌ನಿಂದ ನಲುಗುತ್ತಿದ್ದರು, ಮರುವರ್ಷವೇ ತೀರಿಕೊಂಡರು. ಅವರು ಗಲಾಟೆಗೆ ಗಲಾಟೆಯ ಉತ್ತರ ಕೊಡಲಿಲ್ಲ. ತಲೆಗೆ ಹೊಲಿಗೆ ಬಿದ್ದಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರನ್ನು ಮುಂಚೂಣಿಗೆ ಕಳಿಸಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಗುಂಪಿನ ಮೊದಲ ಪಂದ್ಯದಲ್ಲಿ ಇದೇ ಕೊರಿಯಾಕ್ಕೆ 0–2ರಿಂದ ಸೋತಿದ್ದ ಭಾರತ 2–1ರಿಂದ ಚಿನ್ನ ಗೆದ್ದಿತು. ಆ ದಿನ ಇಡೀ ಕ್ರೀಡಾಂಗಣ ವಿರುದ್ಧವಾಗಿದ್ದಾಗ ಭಾರತದ ಪರ ಕೂಗಿದ ಒಂದು ಸಣ್ಣ ಗುಂಪಿತ್ತು. ಅದು ಪಾಕಿಸ್ತಾನದ ಹಾಕಿ ತಂಡ. ಅದೇ ಕೂಟದ ಹಾಕಿ ಫೈನಲ್‌ನಲ್ಲಿ ಭಾರತವನ್ನು ಸೋಲಿಸಿ ಚಿನ್ನ ಗೆದ್ದವರು ಅವರು. ಮೈದಾನದಲ್ಲಿ ಕಟ್ಟಾ ಎದುರಾಳಿ, ಗ್ಯಾಲರಿಯಲ್ಲಿ ನಂಟ. ಇವೆರಡೂ ಒಂದೇ ಎದೆಯಲ್ಲಿ ಇರಲು ಸಾಧ್ಯ.

ಇನ್ನೊಂದು ಆಕ್ಷೇಪ ಮೊದಲಿನದಕ್ಕಿಂತ ಕಠಿಣ. ಕಣ್ಣೆದುರೇ ಅನ್ಯಾಯವಾದರೆ ಸುಮ್ಮನಿರಬೇಕೇ? ಇದಕ್ಕೂ ಕಂಠೀರವದಲ್ಲೇ ಒಂದು ಪ್ರಸಂಗವಿದೆ. 2023ರ ಮಾರ್ಚ್ 3ರಂದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಸೆಣಸುತ್ತಿದ್ದವು. ಹೆಚ್ಚುವರಿ ಆಟದಲ್ಲಿ ಸಿಕ್ಕ ಫ್ರೀಕಿಕ್ಕನ್ನು, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಚೆಟ್ರಿ ಗೋಲಿಗೆ ಸೇರಿಸಿದರು. ರೆಫರಿ ಒಪ್ಪಿದರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು, ತಂಡ ಮರಳಲಿಲ್ಲ. ಗೋಲು ಸರಿಯೇ ತಪ್ಪೇ ಎಂಬ ವಾದದಲ್ಲಿ ಎರಡೂ ಕಡೆ ಸತ್ಯಾಂಶ ಇರಬಹುದು. ಆದರೆ ಹೊರನಡೆದವರಿಗೆ ಉಳಿದದ್ದು ಸೋಲು, ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ನಿಮಿಷಗಳ ಆಟ ಬಾಕಿಯಿತ್ತು. ಸಮ ಮಾಡುವ ಅವಕಾಶವನ್ನು ಅವರಿಂದ ಕಿತ್ತುಕೊಂಡದ್ದು ಎದುರಾಳಿಯಲ್ಲ, ಅವರದೇ ಕೋಪ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಅನ್ಯಾಯವನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ತಕರಾರಿಗೆ ದಾರಿ ಇರಬೇಕು, ಆ ದಾರಿ ಎಲ್ಲರಿಗೂ ಮೊದಲೇ ಗೊತ್ತಿರಬೇಕು. 2024ರ ಫೆಬ್ರವರಿಯಲ್ಲಿ ಢಾಕಾದಲ್ಲಿ ನಡೆದ 19 ವರ್ಷದೊಳಗಿನ ಹುಡುಗಿಯರ ಸ್ಯಾಫ್ ಫೈನಲ್ ಇದಕ್ಕೆ ಸಾಕ್ಷಿ. ಭಾರತ–ಬಾಂಗ್ಲಾದೇಶ ಪಂದ್ಯ 1–1, ಪೆನಾಲ್ಟಿ 11–11. ಹೊಡೆತಗಳನ್ನು ಮುಂದುವರಿಸುವ ಬದಲು ಅಧಿಕಾರಿಗಳು ನಾಣ್ಯ ಚಿಮ್ಮಿಸಿ ಭಾರತ ಗೆದ್ದಿತೆಂದರು. ಬಾಂಗ್ಲಾ ಹುಡುಗಿಯರು ಮೈದಾನ ಬಿಡಲಿಲ್ಲ, ಪ್ರೇಕ್ಷಕರಿಂದ ಬಾಟಲಿಗಳು ತೂರಿಬಂದವು. ಕೊನೆಗೆ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಲಾಯಿತು. ಹುಡುಗಿಯರ ತಪ್ಪು ಅಲ್ಲಿ ಎಳ್ಳಷ್ಟೂ ಇರಲಿಲ್ಲ. ನಿಯಮ ತಿಳಿದಿರಬೇಕಾದವರು ಎಡವಿದ್ದರಿಂದ ಗಲಾಟೆಯಾಯಿತು, ಹಟ ಬಿಟ್ಟು ತಿದ್ದಿಕೊಂಡದ್ದರಿಂದ ತಣ್ಣಗಾಯಿತು. ಆಟದ ಕಾನೂನು ಮಾಡುವವರಿಗೂ ಇದು ಅರ್ಥವಾಗಿದೆ. 2019ರಿಂದ ಕೋಚ್ ಮತ್ತು ಸಿಬ್ಬಂದಿಗೂ ಹಳದಿ, ಕೆಂಪು ಕಾರ್ಡ್ ತೋರಿಸುವ ನಿಯಮ ಬಂತು. 2024ರ ಯುರೋ ಕೂಟದಲ್ಲಿ ರೆಫರಿಯ ಬಳಿ ಹೋಗಿ ಮಾತಾಡುವ ಹಕ್ಕು ನಾಯಕನಿಗೆ ಮಾತ್ರ ಎಂದು ಕಟ್ಟುನಿಟ್ಟು ಮಾಡಿದರು. ರೆಫರಿಯನ್ನು ಹತ್ತು ಜನ ಸುತ್ತುವರಿದು ಕಿರುಚುವ ಬದಲು, ಒಬ್ಬನೇ ಬಂದು ಕೇಳುತ್ತಾನೆ, ರೆಫರಿ ಅವನಿಗೆ ವಿವರಿಸುತ್ತಾರೆ. ದನಿ ಕಡಿಮೆಯಾದರೂ ಪ್ರಶ್ನೆ ಉಳಿಯುತ್ತದೆ.

ಮೂರನೆಯ ಆಕ್ಷೇಪ ನಮ್ಮ ಕಾಲದ್ದು, ಎಲ್ಲಕ್ಕಿಂತ ನೋವಿನದು. ನಮ್ಮ ಜನರನ್ನು ಕೊಂದವರಿಗೆ ನೆಲೆ ಕೊಡುವ ದೇಶದ ಆಟಗಾರನ ಜೊತೆ ಎಂಥ ಕ್ರೀಡಾಸ್ಫೂರ್ತಿ ಎಂದು ಕೇಳುವವರಿದ್ದಾರೆ. ಆ ನೋವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಒಂದು ದೇಶದ ಜೊತೆ ಆಡಬೇಕೋ ಬೇಡವೋ ಎಂಬುದು ಸರ್ಕಾರ ತೀರ್ಮಾನಿಸುವ ವಿಷಯ. ಬೇಡ ಎಂದರೆ ಅದೂ ಗೌರವದ ನಿಲುವೇ. ಆದರೆ ಆಡುತ್ತೇವೆ ಎಂದು ಒಪ್ಪಿ ಮೈದಾನಕ್ಕಿಳಿದ ಮೇಲೆ, ಎದುರು ನಿಂತ ಹುಡುಗನನ್ನು ಅವನ ಸರ್ಕಾರದ ಬದಲಿಗೆ ಶಿಕ್ಷಿಸುವುದು ಶೌರ್ಯವಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದುಬೈನಲ್ಲಿ ಭಾರತ, ಪಾಕಿಸ್ತಾನದ ಕ್ರಿಕೆಟ್ ಆಟಗಾರರು ಪಂದ್ಯವಾಡಿ ಕೈಕುಲುಕದೆ ಹೊರಟರು. ಮರು ತಿಂಗಳೇ ಮಲೇಷ್ಯಾದಲ್ಲಿ ಇವೇ ಎರಡು ದೇಶಗಳ ಜೂನಿಯರ್ ಹಾಕಿ ಹುಡುಗರು ಅಂಗೈಗೆ ಅಂಗೈ ತಟ್ಟಿ ಆಟ ಶುರುಮಾಡಿದರು. ಆ ಹುಡುಗರ ದೇಶಪ್ರೇಮ ಒಂದು ತೊಲವೂ ಕಡಿಮೆಯಾಗಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಜಾವೆಲಿನ್ ಎಸೆತದಲ್ಲಿ ನೀರಜ್ ಚೋಪ್ರಾ ಅವರನ್ನು ಹಿಂದಿಕ್ಕಿ ಪಾಕಿಸ್ತಾನದ ಅರ್ಷದ್ ನದೀಮ್ ಚಿನ್ನ ಗೆದ್ದಾಗ, ನೀರಜ್ ತಾಯಿ ಸರೋಜ್ ದೇವಿ ಚಿನ್ನ ಗೆದ್ದವನೂ ನಮ್ಮ ಮಗನೇ ಎಂದರು. ಹರಿಯಾಣದ ಹಳ್ಳಿಯ ತಾಯಿಯೊಬ್ಬರ ಬಾಯಿಂದ ಸಹಜವಾಗಿ ಬಂದ ಮಾತದು. ಮರುವರ್ಷ ಬೆಂಗಳೂರಿನ ಕಂಠೀರವದಲ್ಲೇ ನಡೆಯಲಿದ್ದ ತಮ್ಮ ಹೆಸರಿನ ಜಾವೆಲಿನ್ ಕೂಟಕ್ಕೆ ನೀರಜ್ ನದೀಮ್‌ಗೂ ಆಹ್ವಾನ ಕಳಿಸಿದ್ದರು. ಅದರ ಬೆನ್ನಲ್ಲೇ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿ ನಡೆಯಿತು. ದಾಳಿಗೆ ಮೊದಲೇ ಹೋಗಿದ್ದ ಆಹ್ವಾನಕ್ಕಾಗಿ ನೀರಜ್ ಮತ್ತು ಅವರ ಮನೆಯವರನ್ನು ಜನ ಜಾಲತಾಣಗಳಲ್ಲಿ ಹೀನಾಯವಾಗಿ ನಿಂದಿಸಿದರು, ಆ ತಾಯಿಯ ಮಾತನ್ನೂ ಎಳೆದು ತಂದರು. ದೇಶಕ್ಕೆ ಒಲಿಂಪಿಕ್ ಚಿನ್ನ ತಂದ ಸೈನಿಕನೊಬ್ಬ ತನ್ನ ದೇಶಭಕ್ತಿಗೆ ವಿವರಣೆ ಕೊಡಬೇಕಾಗಿ ಬಂತು. ಇದಕ್ಕಿಂತ ನಾಚಿಕೆಯ ಮಾತು ಇನ್ನೇನಿದೆ? ಇಲ್ಲಿಯೂ ಬೆಂಕಿ ಹಚ್ಚಿದವರು ಆಡುವವರಲ್ಲ, ಗೆರೆಯಾಚೆ ಕುಳಿತವರು.

ದೇಶ ದೇಶಗಳ ನಡುವಿನ ಈ ಮಾತು ದೊಡ್ಡಬಳ್ಳಾಪುರದ, ಹೊಸಕೋಟೆಯ, ನೆಲಮಂಗಲದ ಹುಡುಗರಿಗೆ ಯಾಕೆ ಎಂದು ಕೇಳಬಹುದು. ಅವರಿಗೇ ಮೊದಲು ಬೇಕು. ಕಬಡ್ಡಿ, ಕ್ರಿಕೆಟ್ಟಿನ ಈ ಸೀಮೆಗೆ ಈಗ ಫುಟ್‌ಬಾಲ್ ಜೋರಾಗಿ ಬರುತ್ತಿದೆ. ವಿಮಾನ ನಿಲ್ದಾಣದ ರಸ್ತೆಯ ಆಸುಪಾಸಿನಲ್ಲಿ ಬಾಡಿಗೆಗೆ ಸಿಗುವ ಟರ್ಫ್ ಮೈದಾನಗಳು ಎದ್ದಿವೆ. ಹೊಸಕೋಟೆ, ನೆಲಮಂಗಲದ ಗೋದಾಮು, ಕಾರ್ಖಾನೆಗಳಲ್ಲಿ ದುಡಿಯುವ ಕೇರಳ, ಬಂಗಾಳ, ಅಸ್ಸಾಂ, ಮಣಿಪುರದ ಯುವಕರ ಜೊತೆ ನಮ್ಮ ಹುಡುಗರೂ ಭಾನುವಾರ ಚೆಂಡು ಒದೆಯುತ್ತಾರೆ. ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುತ್ತವೆ. ಎದುರಾಳಿಯನ್ನು ಹೇಗೆ ನೋಡಬೇಕು ಎಂಬುದನ್ನು ಮಗು ಕಲಿಯುವುದು ಹೋಬಳಿ ಮಟ್ಟದಲ್ಲೇ. ಪಕ್ಕದ ಊರಿನವನನ್ನು ಶತ್ರು ಎಂದು ಕಲಿತವನಿಗೆ ಪಕ್ಕದ ದೇಶದವನು ಬೇರೆ ರೀತಿ ಕಾಣುವುದಿಲ್ಲ.

ನಮ್ಮ ಊರಿನ ಟೂರ್ನಮೆಂಟ್‌ಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ದೃಶ್ಯ ಚೆನ್ನಾಗಿ ಗೊತ್ತು. ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಹುರಿ ಎಳೆದು, ಹಿಡಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಬಗ್ಗಿ ನಡೆಯುತ್ತ ನೇರವಾದ ಗೆರೆ ಹಾಕಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಗೆರೆ ಇರುವುದಿಲ್ಲ. ಅಳಿಸಿದ್ದು ಆಡಿದ ಮಕ್ಕಳಲ್ಲ. ಪಂದ್ಯ ಬಿಗಿಯಾದಂತೆ ಒಂದೊಂದೇ ಹೆಜ್ಜೆ ಒಳಗೆ ಸರಿದ ನೋಡುಗರ ಚಪ್ಪಲಿಗಳು. "ಬಿಡಬೇಡ ಕಣೋ ಅವನ್ನ, ಕಾಲಿಗೇ ಹಾಕು" ಎಂದು ಕೂಗುವವರು ಅಪ್ಪ, ಚಿಕ್ಕಪ್ಪ, ಮಾವಂದಿರು. "ಏನ್ ಸಾರ್, ಕಣ್ಣು ಕಾಣಲ್ವಾ" ಎಂದು ರೆಫರಿ ಮೇಷ್ಟ್ರಿಗೆ ಬೆರಳು ತೋರಿಸುವವರೂ ಅವರೇ. ಮೈಕ್ ಹಿಡಿದವರು ಸ್ಥಳೀಯ ತಂಡದ ಹೆಸರನ್ನೇ ಹತ್ತು ಸಲ ಹೇಳಿ, ಎದುರು ತಂಡದ ಹುಡುಗನ ಒಳ್ಳೆಯ ಆಟಕ್ಕೆ ಬಾಯಿ ಬಿಡುವುದಿಲ್ಲ. ಇದೆಲ್ಲವನ್ನೂ ಹತ್ತು ವರ್ಷದ ಮಗು ನೋಡುತ್ತಿರುತ್ತದೆ, ಆಟಕ್ಕಿಂತ ಮೊದಲು ಇದನ್ನೇ ಕಲಿಯುತ್ತದೆ.

ಬದಲಾಯಿಸುವುದಕ್ಕೆ ದೊಡ್ಡ ಹಣವೇನೂ ಬೇಡ. ಗೆರೆಯಿಂದ ಎರಡು ಮೀಟರ್ ಹಿಂದೆ ಒಂದು ಹಗ್ಗ ಕಟ್ಟಿ, ಅದನ್ನು ಯಾರಾದರೂ ದಾಟಿದರೆ ಆಟ ನಿಲ್ಲುತ್ತದೆ ಎಂದು ಮೊದಲೇ ಸಾರಬಹುದು. ಹೋಬಳಿ ಮಟ್ಟದಲ್ಲಿಯೂ ರೆಫರಿಯೊಂದಿಗೆ ಮಾತಾಡುವವನು ನಾಯಕ ಮಾತ್ರ ಎಂಬ ನಿಯಮ ತರಬಹುದು. ಅದರಿಂದ ಒಬ್ಬ ಹುಡುಗನಿಗಾದರೂ ಮರ್ಯಾದೆಯಿಂದ ತಕರಾರು ಮಂಡಿಸುವ ಅಭ್ಯಾಸವಾಗುತ್ತದೆ. ತಂಡ ಕರೆತಂದ ಮೇಷ್ಟ್ರು ರೇಗಾಡಿದರೆ ಅವರಿಗೂ ಕಾರ್ಡ್ ತೋರಿಸಬೇಕು. ಪೆನಾಲ್ಟಿ ಅಭ್ಯಾಸದ ಜೊತೆಗೆ, ಸೀಟಿ ಊದಿದ ಮೇಲೆ ಒಂದು ಉಸಿರು ನಿಲ್ಲುವುದನ್ನೂ ಅಭ್ಯಾಸ ಮಾಡಿಸಬೇಕು. ಕೊನೆಯದು ಮೈಕಿನವರ ಕೆಲಸ: ಎದುರು ತಂಡದ ಗೋಲಿಗೂ ಹೊಡೆದವನ ಹೆಸರು ಹಿಡಿದು, ಅದೇ ಉತ್ಸಾಹದಲ್ಲಿ ಕೂಗಿ ಹೇಳಬೇಕು.

ನಾಳೆ ಇದೇ ಜಿಲ್ಲೆಯ ಹುಡುಗನೋ ಹುಡುಗಿಯೋ ದೇಶದ ಅಂಗಿ ತೊಟ್ಟು ಕಂಠೀರವದಲ್ಲಿ ಆಡಬಹುದು, ಎದುರು ಪಾಕಿಸ್ತಾನವೇ ಇರಬಹುದು. ಆ ದಿನ ಅವರು ಉಗ್ರವಾಗಿ ಆಡಲಿ, ಒಂದು ಇಂಚು ನೆಲವನ್ನೂ ಬಿಟ್ಟುಕೊಡದಿರಲಿ, ಗೆದ್ದೇ ಬರಲಿ. ಹಾಗೆ ಆಡಲು ಅವರಿಗೆ ತಲೆ ತಣ್ಣಗಿರಬೇಕು. ಅದಕ್ಕೆ ಅವರ ಸುತ್ತ ನಿಂತವರ ತಲೆ ಮೊದಲು ತಣ್ಣಗಿರಬೇಕು. ಆಟಗಾರರಿಂದ ಸಂಯಮ ಕೇಳುವ ಹಕ್ಕು, ತಾವು ಸಂಯಮ ತೋರಿದ ಹಿರಿಯರಿಗೆ ಮಾತ್ರ ಇದೆ. ಆ ಹಕ್ಕನ್ನು ಸಂಪಾದಿಸುವ ಕೆಲಸ ಮುಂದಿನ ಹೋಬಳಿ ಕ್ರೀಡಾಕೂಟದಿಂದಲೇ ಶುರುವಾಗಲಿ.